ಗ್ರೀನ್ ಕಾರ್ಡ್ ಸಂದರ್ಶನ ಮುಗಿಯಿತು, ಮುಂದೇನು? ಮದುವೆ ಆಧಾರದ ಅರ್ಜಿ: ನಂಬಿಕೆ ಎಷ್ಟು, ನಿಜ ಎಷ್ಟು

"ಮಗಳ ಇಂಟರ್‌ವ್ಯೂ ಮುಗೀತು, ಇನ್ನು ಗ್ರೀನ್ ಕಾರ್ಡ್ ಬಂದ ಹಾಗೇ!" ಫ್ಯಾಮಿಲಿ ಗ್ರೂಪಿನಲ್ಲಿ ಹೀಗೊಂದು ಸಂದೇಶ ಬಿದ್ದ ಕೂಡಲೇ ಶುಭಾಶಯಗಳ ಸುರಿಮಳೆ. ಹದಿನೈದು ದಿನ ಕಳೆಯುತ್ತದೆ, ಕಾರ್ಡ್ ಬರುವುದಿಲ್ಲ. ಆಗ ಬೇರೆ ಥರದ ಸಂದೇಶಗಳು ಶುರುವಾಗುತ್ತವೆ. "120 ದಿನದೊಳಗೆ ಕೊಡಲೇಬೇಕು ಅಂತ ಕಾನೂನಿದೆ." "ತಡವಾದರೆ ರಿಜೆಕ್ಟ್ ಆಗಿದೆ ಅಂತಲೇ ಅರ್ಥ." "ಗಂಡ ಒಂದು ಪತ್ರ ಬರೆದರೆ ಕಾರ್ಡ್ ಕ್ಯಾನ್ಸಲ್." ಊರಿನಲ್ಲಿರುವ ತಂದೆ ತಾಯಿಗೆ ನಿದ್ದೆ ಬರುವುದಿಲ್ಲ. ಅಲ್ಲಿರುವ ಹುಡುಗಿಗೋ ಹುಡುಗನಿಗೋ ಯಾರನ್ನು ಕೇಳಬೇಕೆಂದು ತಿಳಿಯುವುದಿಲ್ಲ.

ಈ ಸಂದೇಶಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ಸುಳ್ಳು. ಸಂದರ್ಶನದ ಕೋಣೆಯಿಂದ ಆಚೆ ಬಂದ ಮೇಲೆ ನಿಜವಾಗಿ ಏನೇನು ನಡೆಯುತ್ತದೆ ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

• ಸಂದರ್ಶನದ ದಿನವೇ ಕಾರ್ಡ್ ಕೈಗೆ ಕೊಡುವುದಿಲ್ಲ. ಅನುಮೋದನೆಯಾದ ಮೇಲೆ ಕಾರ್ಡ್ ಮುದ್ರಣವಾಗಿ ಅಂಚೆಯಲ್ಲಿ ಬರುತ್ತದೆ.
• ತಡವಾಯಿತು ಎಂದ ಮಾತ್ರಕ್ಕೆ ತಿರಸ್ಕಾರವಾಯಿತು ಎಂದಲ್ಲ.
• ಕಾಯಂ ನಿವಾಸಿ ಸ್ಥಾನ ಸಿಗುವ ದಿನಕ್ಕೆ ಮದುವೆಯಾಗಿ 2 ವರ್ಷ ತುಂಬಿರದಿದ್ದರೆ ಸಿಗುವುದು 2 ವರ್ಷದ ಷರತ್ತಿನ ಕಾರ್ಡ್.
• ಒಮ್ಮೆ ಕಾಯಂ ನಿವಾಸಿಯಾದ ಮೇಲೆ ಗಂಡನಾಗಲಿ ಹೆಂಡತಿಯಾಗಲಿ ಅದನ್ನು "ಕ್ಯಾನ್ಸಲ್" ಮಾಡಲು ಆಗುವುದಿಲ್ಲ.
• ಗ್ರೀನ್ ಕಾರ್ಡ್ ಎಂದರೆ ಅಮೆರಿಕದ ಪೌರತ್ವ ಅಲ್ಲ. ಕಾರ್ಡ್ ಪಡೆದವರು ಭಾರತದ ಪ್ರಜೆಯಾಗಿಯೇ ಉಳಿಯುತ್ತಾರೆ.

ಮೊದಲು ಇದು ಗೊತ್ತಿರಲಿ: ನಿಮ್ಮದು ಯಾವ ದಾರಿ?

ಅಮೆರಿಕದಲ್ಲಿರುವ ನಮ್ಮವರಲ್ಲಿ ಅನೇಕರು ಎಚ್-1ಬಿ ವೀಸಾದಲ್ಲಿರುವ ಸಾಫ್ಟ್‌ವೇರ್ ಉದ್ಯೋಗಿಗಳು. ಅವರ ಹೆಂಡತಿ ಅಥವಾ ಗಂಡ ಎಚ್-4 ವೀಸಾದಲ್ಲಿರುತ್ತಾರೆ. ಇವರಿಗೆ ಮುಂದೊಂದು ದಿನ ಗ್ರೀನ್ ಕಾರ್ಡ್ ಸಿಕ್ಕರೆ ಅದು ಉದ್ಯೋಗದ ಆಧಾರದ್ದು. ಸಂಗಾತಿಗೆ ಅದರ ಜೊತೆಗೇ ಬರುತ್ತದೆ. ಅದನ್ನು ಮದುವೆ ಆಧಾರದ ಗ್ರೀನ್ ಕಾರ್ಡ್ ಎಂದು ಕರೆಯುವುದಿಲ್ಲ. ಗ್ರೂಪುಗಳಲ್ಲಿ ಅರ್ಧ ಗೊಂದಲ ಹುಟ್ಟುವುದು ಇಲ್ಲೇ.

ಮದುವೆ ಆಧಾರದ ಅರ್ಜಿ ಎಂದರೆ ಅಮೆರಿಕದ ಪ್ರಜೆ ಅಥವಾ ಈಗಾಗಲೇ ಗ್ರೀನ್ ಕಾರ್ಡ್ ಇರುವವರು ತಮ್ಮ ಸಂಗಾತಿಗಾಗಿ ಐ-130 ಎಂಬ ಅರ್ಜಿ ಹಾಕುವುದು. ಪ್ರಜೆಯ ಗಂಡ ಅಥವಾ ಹೆಂಡತಿಗೆ ವಾರ್ಷಿಕ ಮಿತಿ ಇಲ್ಲ, ಸರದಿ ಸಾಲೂ ಇಲ್ಲ. ಗ್ರೀನ್ ಕಾರ್ಡ್ ಇರುವವರ ಸಂಗಾತಿಗೆ ಮಾತ್ರ ಎಫ್2ಎ ಎಂಬ ವರ್ಗ, ವರ್ಷಕ್ಕಿಷ್ಟೇ ಎಂಬ ಮಿತಿ ಇದೆ. ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ ಸರದಿಯ ದಿನಾಂಕ ಇರುತ್ತದೆ. ಸಂದರ್ಶನ ಮುಗಿದ ಮೇಲೂ ಆ ದಿನಾಂಕ ಹಿಂದೆ ಸರಿದರೆ, ಮತ್ತೆ ಮುಂದೆ ಬರುವವರೆಗೆ ಕಾಯಬೇಕಾಗುತ್ತದೆ.

ಸಂದರ್ಶನ ನಡೆಯುವ ಜಾಗವೂ ಎರಡು ಬಗೆ. ಅರ್ಜಿದಾರರು ಅಮೆರಿಕದಲ್ಲೇ ಇದ್ದರೆ ಐ-485 ಅರ್ಜಿ ಹಾಕುತ್ತಾರೆ, ಅಲ್ಲಿನ ಪೌರತ್ವ ಮತ್ತು ವಲಸೆ ಸೇವೆಗಳ ಇಲಾಖೆ, ಅಂದರೆ ಯುಎಸ್‌ಸಿಐಎಸ್, ತನ್ನ ಕಚೇರಿಗೆ ಗಂಡ ಹೆಂಡತಿ ಇಬ್ಬರನ್ನೂ ಕರೆಯುತ್ತದೆ. ಅರ್ಜಿದಾರರು ಭಾರತದಲ್ಲಿದ್ದರೆ ವಲಸೆ ವೀಸಾ ಸಂದರ್ಶನ ಸಾಮಾನ್ಯವಾಗಿ ಮುಂಬಯಿಯ ಅಮೆರಿಕ ಕಾನ್ಸುಲೇಟ್‌ನಲ್ಲಿ. ಎರಡರಲ್ಲೂ ಮುಂದಿನ ಹೆಜ್ಜೆಗಳು ಬೇರೆ ಬೇರೆ. ಆದ್ದರಿಂದ "ನಮ್ಮ ಭಾವನ ಮಗನಿಗೆ ಹಾಗಾಯಿತು" ಎನ್ನುವುದು ನಿಮಗೆ ಅನ್ವಯಿಸದೆ ಇರಬಹುದು.

ಅಮೆರಿಕದಲ್ಲಿ ಸಂದರ್ಶನವಾದರೆ: ಐದು ಸಾಧ್ಯತೆಗಳು

1. ಅನುಮೋದನೆ

ದಾಖಲೆಗಳು ಸರಿಯಾಗಿದ್ದು, ಮದುವೆ ನಿಜವಾದದ್ದು ಎಂದು ಅಧಿಕಾರಿಗೆ ಮನವರಿಕೆಯಾದರೆ ಅಲ್ಲೇ "ಅನುಮೋದಿಸುತ್ತಿದ್ದೇನೆ" ಎಂದು ಹೇಳಬಹುದು. ಕೆಲವರಿಗೆ ಅದೇ ದಿನ ಸಂಜೆ ಆನ್‌ಲೈನ್ ಖಾತೆಯಲ್ಲಿ ಸ್ಥಿತಿ ಬದಲಾಗಿರುತ್ತದೆ. ನಂತರ ಅನುಮೋದನೆಯ ಪತ್ರ ಅಂಚೆಯಲ್ಲಿ ಬರುತ್ತದೆ. ಕಾರ್ಡ್ ಪ್ರತ್ಯೇಕವಾಗಿ ಮುದ್ರಣವಾಗಿ ಬರುತ್ತದೆ. ಮಾತಿನಲ್ಲಿ ಹೇಳಿದ್ದು ಸಂತೋಷದ ಸುದ್ದಿಯೇ, ಆದರೆ ಲೆಕ್ಕಕ್ಕೆ ಬರುವುದು ಬರಹದಲ್ಲಿ ಬಂದದ್ದು ಮಾತ್ರ.

2. "ಪರಿಶೀಲಿಸಿ ತಿಳಿಸುತ್ತೇವೆ"

ಬಹಳ ಜನರನ್ನು ಹೆದರಿಸುವ ಮಾತು ಇದು. ನಿಜದಲ್ಲಿ ಇದು ತೀರಾ ಸಾಮಾನ್ಯ. ಹಿನ್ನೆಲೆ ತಪಾಸಣೆ ಮುಗಿದಿರದೆ ಇರಬಹುದು, ಮೇಲಧಿಕಾರಿ ಕಡತ ನೋಡಬೇಕಾಗಿರಬಹುದು, ಎಫ್2ಎ ಸರದಿ ಬಂದಿರದೆ ಇರಬಹುದು. ಅಧಿಕಾರಿ ನಕ್ಕರೆ ಪಾಸು, ಗಂಟು ಮುಖ ಹಾಕಿದರೆ ಫೇಲು ಎಂಬ ಲೆಕ್ಕಾಚಾರಕ್ಕೆ ಯಾವ ಆಧಾರವೂ ಇಲ್ಲ.

3. ಹೆಚ್ಚಿನ ದಾಖಲೆಗೆ ಪತ್ರ

ಯಾವುದೋ ದಾಖಲೆ ಸಾಲದು ಎನಿಸಿದರೆ ಇಲಾಖೆ ಪತ್ರ ಬರೆದು ಕೇಳುತ್ತದೆ. ವೈದ್ಯಕೀಯ ಪರೀಕ್ಷೆಯ ವರದಿ, ಸಂಗಾತಿಯ ಆದಾಯದ ಪುರಾವೆ, ಒಟ್ಟಿಗೆ ಬಾಳುತ್ತಿರುವುದಕ್ಕೆ ಜಂಟಿ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ವಿಮೆ ಇಂಥವು ಸಾಮಾನ್ಯವಾಗಿ ಕೇಳುವ ಸಂಗತಿಗಳು. ಉತ್ತರಿಸಲು ಗರಿಷ್ಠ 84 ದಿನಗಳವರೆಗೆ ಕಾಲ ಕೊಡಬಹುದು. ಆದರೆ ನಿಮ್ಮ ಪತ್ರದಲ್ಲಿ ಬರೆದಿರುವ ದಿನಾಂಕವೇ ಅಂತಿಮ, ಅದನ್ನು ಮುಂದೂಡುವುದಿಲ್ಲ. ಕೇಳಿದ್ದೆಲ್ಲವನ್ನೂ ಒಂದೇ ಸಲ ಕಳಿಸಬೇಕು. ಇವತ್ತು ಅರ್ಧ, ಮುಂದಿನ ವಾರ ಅರ್ಧ ಎಂದರೆ ಮೊದಲು ಕಳಿಸಿದ್ದೇ ಪೂರ್ತಿ ಉತ್ತರ ಎಂದು ತಿಳಿದು ತೀರ್ಮಾನ ಮಾಡಬಹುದು.

4. ಎರಡನೇ ಸಂದರ್ಶನ ಅಥವಾ ನಿರಾಕರಣೆಯ ಮುನ್ಸೂಚನೆ

ಮದುವೆಯ ಬಗ್ಗೆಯೇ ಅನುಮಾನ ಬಂದರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಒಂದೇ ಪ್ರಶ್ನೆಗಳನ್ನು ಕೇಳುತ್ತಾರೆ. ಬೆಳಿಗ್ಗೆ ಮೊದಲು ಏಳುವುದು ಯಾರು, ಮನೆಯಲ್ಲಿ ಎಷ್ಟು ಕಿಟಕಿ, ಕಳೆದ ಹುಟ್ಟುಹಬ್ಬಕ್ಕೆ ಏನು ಮಾಡಿದಿರಿ, ಇಂಥವೆಲ್ಲ ಬರಬಹುದು. ಇದನ್ನು ಸ್ಟೋಕ್ಸ್ ಸಂದರ್ಶನ ಎನ್ನುತ್ತಾರೆ. 1970ರ ದಶಕದಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯವೊಂದರಲ್ಲಿ ನಡೆದ ಪ್ರಕರಣದಿಂದ ಬಂದ ಹೆಸರು ಇದು. ಕೆಲವೊಮ್ಮೆ ಇಲಾಖೆಯವರು ಮನೆಗೇ ಬಂದು ನೋಡುವುದೂ ಉಂಟು.

ಇಲ್ಲಿ ನಮ್ಮವರಿಗೆ ಒಂದು ವಿಶೇಷ ತೊಡಕಿದೆ. ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ಎರಡೋ ಮೂರೋ ಭೇಟಿ, ಆಮೇಲೆ ನಿಶ್ಚಿತಾರ್ಥ, ಮದುವೆ. ಅಲ್ಲಿನ ಅಧಿಕಾರಿಗೆ ಇದು ಅವಸರದ ಮದುವೆಯಂತೆ ಕಾಣಬಹುದು. ಹೆದರಿ "ಮೂರು ವರ್ಷ ಪ್ರೀತಿಸಿದ್ದೆವು" ಎಂದು ಕಥೆ ಕಟ್ಟಬೇಡಿ. ಹಿರಿಯರು ಒಪ್ಪಿಸಿದ ಮದುವೆಯೂ ಕಾನೂನಿನ ಕಣ್ಣಿನಲ್ಲಿ ನಿಜವಾದ ಮದುವೆಯೇ. ಅಧಿಕಾರಿ ನೋಡುವುದು ಒಟ್ಟಿಗೆ ಬಾಳುವ ಉದ್ದೇಶ ಇತ್ತೇ ಎಂಬುದನ್ನು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ನಿಜವಾದ ಮದುವೆಯೂ ಸುಳ್ಳಿನಂತೆ ಕಾಣುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ನೆನಪಿಲ್ಲ" ಎನ್ನುವುದು ತಪ್ಪಲ್ಲ.

ಅನುಮಾನ ಉಳಿದರೆ "ನಿರಾಕರಿಸುವ ಉದ್ದೇಶವಿದೆ, ಉತ್ತರ ಕೊಡಿ" ಎಂಬ ಪತ್ರ ಬರುತ್ತದೆ. ಇದಕ್ಕೆ ಗರಿಷ್ಠ 30 ದಿನ. ಈ ಪತ್ರ ಬಂದರೆ ಗ್ರೂಪಿನಲ್ಲಿ ಸಲಹೆ ಕೇಳುತ್ತ ಕೂರುವ ಹೊತ್ತಲ್ಲ, ಪರವಾನಗಿ ಇರುವ ವಲಸೆ ವಕೀಲರನ್ನು ಕಾಣುವ ಹೊತ್ತು.

5. ನಿರಾಕರಣೆ

ನಿರಾಕರಣೆ ಕಾರಣಸಹಿತ ಬರಹದಲ್ಲಿ ಬರುತ್ತದೆ. ಐ-130 ನಿರಾಕರಣೆಯಾದರೆ ಅರ್ಜಿ ಹಾಕಿದ ಸಂಗಾತಿ ವಲಸೆ ಮೇಲ್ಮನವಿ ಮಂಡಳಿಗೆ ಹೋಗಬಹುದು. ಐ-485ಕ್ಕೆ ಸಾಮಾನ್ಯವಾಗಿ ಮೇಲ್ಮನವಿ ಇಲ್ಲ. ಆದರೆ ಕಡತ ಮತ್ತೆ ತೆರೆಯುವಂತೆ ಅಥವಾ ಮರುಪರಿಶೀಲಿಸುವಂತೆ ಕೋರಬಹುದು. ಎರಡಕ್ಕೂ ಇರುವ ಕಾಲ ಸುಮಾರು ಒಂದು ತಿಂಗಳು ಮಾತ್ರ. ಬೇರೆ ಮಾನ್ಯ ವೀಸಾ ಸ್ಥಾನ ಇಲ್ಲದವರಿಗೆ ವಲಸೆ ನ್ಯಾಯಾಲಯಕ್ಕೆ ಹಾಜರಾಗುವಂತೆ ನೋಟಿಸ್ ಕೂಡ ಬರಬಹುದು. ಅಲ್ಲಿ ನ್ಯಾಯಾಧೀಶರ ಮುಂದೆ ಮತ್ತೆ ವಾದ ಮಂಡಿಸಲು ಅವಕಾಶ ಇರುತ್ತದೆ.

ಮುಂಬಯಿಯಲ್ಲಿ ಸಂದರ್ಶನವಾದರೆ

ಎಲ್ಲ ಸರಿಯಾಗಿದ್ದರೆ ಅಧಿಕಾರಿ ಪಾಸ್‌ಪೋರ್ಟ್ ಇಟ್ಟುಕೊಂಡು ವೀಸಾ ಅಂಟಿಸಿ ವಾಪಸ್ ಕಳಿಸುತ್ತಾರೆ. ಇದು ಇನ್ನೂ ಗ್ರೀನ್ ಕಾರ್ಡ್ ಅಲ್ಲ, ವಲಸೆ ವೀಸಾ. ಇದರ ಅವಧಿ ಸಾಮಾನ್ಯವಾಗಿ 6 ತಿಂಗಳಿಗಿಂತ ಹೆಚ್ಚಿರುವುದಿಲ್ಲ. ವೈದ್ಯಕೀಯ ಪರೀಕ್ಷೆ ಮಾಡಿಸಿ ಬಹಳ ದಿನವಾಗಿದ್ದರೆ ಇನ್ನೂ ಕಡಿಮೆ ಇರಬಹುದು. ಅಷ್ಟರೊಳಗೆ ಅಮೆರಿಕ ಪ್ರವೇಶಿಸಬೇಕು.

ವೀಸಾ ಬಂದ ಮೇಲೆ ಯುಎಸ್‌ಸಿಐಎಸ್‌ಗೆ ಆನ್‌ಲೈನ್‌ನಲ್ಲಿ ವಲಸೆ ಶುಲ್ಕ ಕಟ್ಟಬೇಕು. 2024ರ ಏಪ್ರಿಲ್‌ನಲ್ಲಿ ಇದನ್ನು 235 ಡಾಲರ್‌ಗೆ ಏರಿಸಲಾಯಿತು. ಇದನ್ನು ಕಟ್ಟದಿದ್ದರೆ ಕಾರ್ಡ್ ಮುದ್ರಣವೇ ಆಗುವುದಿಲ್ಲ. "ಹೋಗಿ ಆರು ತಿಂಗಳಾಯಿತು, ಕಾರ್ಡೇ ಬಂದಿಲ್ಲ" ಎನ್ನುವವರು ಮೊದಲು ನೋಡಬೇಕಾದದ್ದು ಈ ಶುಲ್ಕ ಕಟ್ಟಿದ್ದೇವೆಯೇ ಎಂಬುದನ್ನು. ಕಾನ್ಸುಲೇಟ್ ಮುಚ್ಚಿದ ಲಕೋಟೆ ಕೊಟ್ಟಿದ್ದರೆ ಅದನ್ನು ಒಡೆಯಬೇಡಿ, ವಿಮಾನ ನಿಲ್ದಾಣದಲ್ಲಿ ಅಧಿಕಾರಿಗೆ ಹಾಗೇ ಒಪ್ಪಿಸಿ. ಚೆಕ್-ಇನ್ ಬ್ಯಾಗಿನಲ್ಲಿ ಹಾಕದೆ ಕೈಚೀಲದಲ್ಲಿ ಇಟ್ಟುಕೊಳ್ಳಿ.

ಅಮೆರಿಕದ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಮುದ್ರೆ ಒತ್ತಿ ಒಳಗೆ ಬಿಟ್ಟ ಆ ಕ್ಷಣದಿಂದ ನೀವು ಕಾಯಂ ನಿವಾಸಿ. ಮುದ್ರೆ ಬಿದ್ದ ಆ ವೀಸಾ ಪುಟವೇ ಒಂದು ವರ್ಷದವರೆಗೆ ಗ್ರೀನ್ ಕಾರ್ಡ್‌ಗೆ ಸಮಾನವಾದ ಪುರಾವೆ. ಕಾರ್ಡ್ ಬರುವ ಮೊದಲೇ ಕೆಲಸಕ್ಕೆ ಸೇರಬಹುದು, ಅಜ್ಜಿಗೆ ಹುಷಾರಿಲ್ಲವೆಂದರೆ ಊರಿಗೆ ಬಂದು ಹೋಗಲೂಬಹುದು.

ಇನ್ನೊಂದು ಸಂಗತಿ. ದಾಖಲೆ ಕೊರತೆಯಿದ್ದರೆ ಅಥವಾ ಹೆಚ್ಚಿನ ತಪಾಸಣೆ ಬೇಕಿದ್ದರೆ 221 ಜಿ ಎಂಬ ಚೀಟಿ ಕೊಡುತ್ತಾರೆ. ಆಗ ವೆಬ್‌ಸೈಟಿನಲ್ಲಿ ಸ್ಥಿತಿ ನೋಡಿದರೆ "ನಿರಾಕರಿಸಲಾಗಿದೆ" ಎಂಬರ್ಥದ ಇಂಗ್ಲಿಷ್ ಪದ ಕಾಣುತ್ತದೆ. ಅದನ್ನು ನೋಡಿ ಮನೆಯವರೆಲ್ಲ ಅತ್ತದ್ದುಂಟು. ತಾಂತ್ರಿಕವಾಗಿ ಅದು ನಿರಾಕರಣೆಯೇ ಆದರೂ ಕಡತ ಮುಚ್ಚಿಲ್ಲ. ಕೇಳಿದ ದಾಖಲೆ ಕೊಟ್ಟರೆ, ತಪಾಸಣೆ ಮುಗಿದರೆ ಅದೇ ಅರ್ಜಿ ಮುಂದೆ ಸಾಗುತ್ತದೆ. ದಾಖಲೆ ಕೊಡಲು ಒಂದು ವರ್ಷ ಕಾಲ ಇರುತ್ತದೆ. ಅದು ಮೀರಿದರೆ ಮತ್ತೆ ಶುಲ್ಕ ಕಟ್ಟಿ ಹೊಸದಾಗಿ ಅರ್ಜಿ ಹಾಕಬೇಕು.

2 ವರ್ಷದ ಕಾರ್ಡ್ ಏಕೆ?

ಕಾರ್ಡ್ ಬಂತು, ಆದರೆ ಅದರ ಮೇಲೆ 10 ವರ್ಷದ ಬದಲು 2 ವರ್ಷದ ದಿನಾಂಕ. "ಏನೋ ಅನುಮಾನ ಪಟ್ಟಿದ್ದಾರೆ" ಎಂದು ಕೆಲವರು ಭಾವಿಸುತ್ತಾರೆ. ಹಾಗೇನಿಲ್ಲ. ಸುಳ್ಳು ಮದುವೆಗಳನ್ನು ತಡೆಯಲು ಅಮೆರಿಕ 1986ರಲ್ಲಿ ಒಂದು ಕಾನೂನು ಮಾಡಿತು. ಕಾಯಂ ನಿವಾಸಿಯಾಗುವ ದಿನಕ್ಕೆ ಮದುವೆಯಾಗಿ 2 ವರ್ಷ ಆಗಿರದಿದ್ದರೆ ಎಲ್ಲರಿಗೂ ಷರತ್ತಿನ ಕಾರ್ಡೇ. ಲೆಕ್ಕ ಹಿಡಿಯುವುದು ಸಂದರ್ಶನದ ದಿನವನ್ನಲ್ಲ. ಅಮೆರಿಕದಲ್ಲಿ ಅರ್ಜಿ ಹಾಕಿದವರಿಗೆ ಅನುಮೋದನೆಯಾದ ದಿನ, ಮುಂಬಯಿಯಿಂದ ಹೋಗುವವರಿಗೆ ಅಮೆರಿಕದೊಳಗೆ ಕಾಲಿಟ್ಟ ದಿನ.

ಒಂದು ಉದಾಹರಣೆ. ಹಾಸನದ ಒಬ್ಬಳು ಹುಡುಗಿಗೆ 2024ರ ಫೆಬ್ರವರಿ 10ರಂದು ಅಮೆರಿಕದ ಪ್ರಜೆಯೊಂದಿಗೆ ಮದುವೆಯಾಯಿತು ಎಂದುಕೊಳ್ಳಿ. 2026ರ ಜನವರಿ 20ರಂದು ಅಮೆರಿಕ ಪ್ರವೇಶಿಸಿದರೆ 2 ವರ್ಷ ತುಂಬಿಲ್ಲ, ಆದ್ದರಿಂದ 2028ರ ಜನವರಿ 20ಕ್ಕೆ ಮುಗಿಯುವ ಕಾರ್ಡ್ ಸಿಗುತ್ತದೆ. ವೀಸಾ ಅವಧಿ ಇದ್ದು, ಅವಳು ಅದೇ ಫೆಬ್ರವರಿ 10 ಕಳೆದ ಮೇಲೆ ಪ್ರವೇಶಿಸಿದರೆ 10 ವರ್ಷದ ಕಾರ್ಡ್. ಮೂರು ವಾರದ ವ್ಯತ್ಯಾಸ, ಆದರೆ ಮುಂದಿನ ಒಂದು ದೊಡ್ಡ ಅರ್ಜಿಯ ಕೆಲಸವೇ ಉಳಿಯುತ್ತದೆ. ಹೀಗೆ ಪ್ರವೇಶಿಸುವವರು ಮದುವೆಯ ದಿನಾಂಕವನ್ನು ನಿಲ್ದಾಣದ ಅಧಿಕಾರಿಯ ಗಮನಕ್ಕೆ ತರಬೇಕು.

ಷರತ್ತಿನ ಕಾರ್ಡ್ ಇದ್ದವರಿಗೂ ಕೆಲಸ ಮಾಡುವ, ಓದುವ, ಪ್ರಯಾಣಿಸುವ ಹಕ್ಕುಗಳು ಅವೇ. ಒಂದೇ ವ್ಯತ್ಯಾಸ ಎಂದರೆ, ಅವಧಿ ಮುಗಿಯುವ ಮುಂಚಿನ 90 ದಿನಗಳೊಳಗೆ ಗಂಡ ಹೆಂಡತಿ ಸೇರಿ ಐ-751 ಎಂಬ ಅರ್ಜಿ ಹಾಕಬೇಕು. ಮೇಲಿನ ಉದಾಹರಣೆಯಲ್ಲಿ ಆ ಅವಧಿ 2027ರ ಅಕ್ಟೋಬರ್ 22ರಿಂದ ಶುರು. ಅದಕ್ಕೆ ಮುಂಚೆ ಹಾಕಿದರೆ ವಾಪಸ್ ಬರುತ್ತದೆ. ಹಾಕದೇ ಬಿಟ್ಟರೆ ಕಾಯಂ ನಿವಾಸಿ ಸ್ಥಾನವೇ ಹೋಗುತ್ತದೆ. ಇಲಾಖೆ ನೆನಪಿಸುತ್ತದೆ ಎಂದು ಕಾಯಬೇಡಿ. ಕಾರ್ಡ್ ಬಂದ ದಿನವೇ ಫೋನಿನಲ್ಲಿ ಆ ದಿನಾಂಕ ಗುರುತು ಹಾಕಿ. ಅರ್ಜಿ ಹಾಕಿದ ಮೇಲೆ ಬರುವ ರಸೀದಿ ಪತ್ರ ಹಳೆಯ ಕಾರ್ಡಿನ ಅವಧಿಯನ್ನು ವಿಸ್ತರಿಸುತ್ತದೆ. 2023ರಲ್ಲಿ ಈ ವಿಸ್ತರಣೆಯನ್ನು 48 ತಿಂಗಳಿಗೆ ಏರಿಸಿದರು.

ಫಾರ್ವರ್ಡ್‌ಗಳಲ್ಲಿ ಬರುವ ಮಾತುಗಳು

ನಂಬಿಕೆ: ಸಂದರ್ಶನವಾಗಿ 120 ದಿನದೊಳಗೆ ಗ್ರೀನ್ ಕಾರ್ಡ್ ಕೊಡಲೇಬೇಕು.

ನಿಜ: 120 ದಿನದ ನಿಯಮ ಅಮೆರಿಕದ ಕಾನೂನಿನಲ್ಲಿ ಇದೆ, ಆದರೆ ಅದು ಪೌರತ್ವದ ಸಂದರ್ಶನಕ್ಕೆ. ಪೌರತ್ವದ ಪರೀಕ್ಷೆಯಾಗಿ 120 ದಿನವಾದರೂ ತೀರ್ಮಾನ ಬರದಿದ್ದರೆ ಫೆಡರಲ್ ನ್ಯಾಯಾಲಯಕ್ಕೆ ಹೋಗಬಹುದು. ಗ್ರೀನ್ ಕಾರ್ಡ್ ಅರ್ಜಿಗೆ ಅಂಥ ಗಡುವು ಇಲ್ಲ. ತೀರಾ ತಡವಾದರೆ ಇಲಾಖೆಗೆ ವಿಚಾರಣೆ ಸಲ್ಲಿಸಬಹುದು, ಸ್ಥಳೀಯ ಸಂಸತ್ ಸದಸ್ಯರ ಕಚೇರಿಯ ನೆರವು ಕೇಳಬಹುದು. ಕೊನೆಗೆ, ತೀರ್ಮಾನ ಕೊಡಿ ಎಂದು ಆದೇಶಿಸುವಂತೆ ನ್ಯಾಯಾಲಯವನ್ನು ಕೋರಬಹುದು. ನ್ಯಾಯಾಲಯ ಹೇಳುವುದು "ತೀರ್ಮಾನಿಸಿ" ಎಂದು, "ಅನುಮೋದಿಸಿ" ಎಂದಲ್ಲ.

ನಂಬಿಕೆ: ಗಂಡ ಒಂದು ಪತ್ರ ಬರೆದರೆ ಹೆಂಡತಿಯ ಗ್ರೀನ್ ಕಾರ್ಡ್ ರದ್ದಾಗುತ್ತದೆ.

ನಿಜ: ಅರ್ಜಿ ಇನ್ನೂ ತೀರ್ಮಾನವಾಗದೆ ಇರುವಾಗ ಸಂಗಾತಿ ಅದನ್ನು ಹಿಂಪಡೆಯಬಹುದು, ನಿಜ. ಆದರೆ ಕಾಯಂ ನಿವಾಸಿ ಸ್ಥಾನ ಸಿಕ್ಕ ಮೇಲೆ ಅದು ಆಕೆಯದು. "ನಾನು ಹೇಳಿದಂತೆ ಕೇಳದಿದ್ದರೆ ಕಾರ್ಡ್ ಕ್ಯಾನ್ಸಲ್ ಮಾಡಿಸುತ್ತೇನೆ" ಎಂದು ಯಾರಾದರೂ ಬೆದರಿಸಿದರೆ ಅದು ಬರೀ ಬೆದರಿಕೆ. ಸ್ಥಾನವನ್ನು ಕಸಿದುಕೊಳ್ಳುವ ಅಧಿಕಾರ ಸರ್ಕಾರಕ್ಕೆ ಮಾತ್ರ, ಅದೂ ಕಾನೂನಿನ ಪ್ರಕಾರ ನಡೆದು.

ನಂಬಿಕೆ: ವಿಚ್ಛೇದನವಾದರೆ ವಾಪಸ್ ಕಳಿಸುತ್ತಾರೆ, ಆದ್ದರಿಂದ ಏನಾದರೂ ಸಹಿಸಿಕೊಂಡಿರಬೇಕು.

ನಿಜ: ಇದು ಜೀವಕ್ಕೇ ಅಪಾಯ ತರಬಲ್ಲ ಸುಳ್ಳು. ಷರತ್ತಿನ ಕಾರ್ಡ್ ಇದ್ದವರು ಸಂಗಾತಿಯ ಸಹಿ ಇಲ್ಲದೆ ಒಬ್ಬರೇ ಐ-751 ಹಾಕಲು ಕಾನೂನಿನಲ್ಲೇ ದಾರಿ ಇದೆ. ಮದುವೆ ಪ್ರಾಮಾಣಿಕವಾಗಿ ನಡೆದು ಆಮೇಲೆ ವಿಚ್ಛೇದನವಾದರೆ, ಸಂಗಾತಿ ಹೊಡೆದರೆ ಅಥವಾ ಕ್ರೂರವಾಗಿ ನಡೆಸಿಕೊಂಡರೆ, ಸಂಗಾತಿ ತೀರಿಕೊಂಡರೆ, ಅಥವಾ ದೇಶ ಬಿಟ್ಟರೆ ತೀವ್ರ ಸಂಕಷ್ಟಕ್ಕೆ ಗುರಿಯಾಗುವಂತಿದ್ದರೆ ಈ ವಿನಾಯಿತಿ ಕೇಳಬಹುದು. ಇದಕ್ಕೆ 90 ದಿನದ ಅವಧಿಗಾಗಿ ಕಾಯಬೇಕಾಗಿಲ್ಲ.

ಇನ್ನೂ ಕಾರ್ಡೇ ಬಂದಿಲ್ಲ, ಅರ್ಜಿ ನಡೆಯುತ್ತಿದೆ, ಅಷ್ಟರಲ್ಲೇ ಮನೆಯಲ್ಲಿ ಹಿಂಸೆ ಎನ್ನುವವರಿಗೂ ದಾರಿ ಇದೆ. ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವ ಸಂಗಾತಿಯಿಂದ ಹಿಂಸೆಗೊಳಗಾದವರು ಐ-360 ಎಂಬ ಅರ್ಜಿಯನ್ನು ತಾವೇ ಹಾಕಬಹುದು. ಅದರ ವಿಷಯವನ್ನು ಇಲಾಖೆ ಸಂಗಾತಿಗೆ ತಿಳಿಸುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ಹೆಣ್ಣಾಗಲಿ ಗಂಡಾಗಲಿ ಇಬ್ಬರಿಗೂ ಇದು ಅನ್ವಯ. ಅಮೆರಿಕದಲ್ಲಿ ಕೌಟುಂಬಿಕ ಹಿಂಸೆಯ ರಾಷ್ಟ್ರೀಯ ಸಹಾಯವಾಣಿ 1-800-799-7233, ದಿನದ 24 ಗಂಟೆಯೂ ಲಭ್ಯ. ಪ್ರಾಣಾಪಾಯ ಇದ್ದರೆ 911.

ಊರಿನಲ್ಲಿರುವ ಹೆತ್ತವರಿಗೆ ಒಂದು ಮಾತು. "ಕಾರ್ಡ್ ಬರೋವರೆಗೆ ಹೇಗಾದರೂ ತಡ್ಕೊಳ್ಳಮ್ಮ" ಎಂದು ಮಗಳಿಗೆ ಹೇಳುವ ಮೊದಲು ಮೇಲಿನ ಸಾಲುಗಳನ್ನು ಇನ್ನೊಮ್ಮೆ ಓದಿ.

ನಂಬಿಕೆ: ಅಮೆರಿಕದ ಪ್ರಜೆಯನ್ನು ಮದುವೆಯಾದರೆ ಪೌರತ್ವ ತಾನಾಗಿ ಬರುತ್ತದೆ.

ನಿಜ: ಬರುವುದಿಲ್ಲ. ಮೊದಲು ಗ್ರೀನ್ ಕಾರ್ಡ್, ಆಮೇಲೆ ಪ್ರಜೆಯಾದ ಸಂಗಾತಿಯೊಂದಿಗೆ 3 ವರ್ಷ ಬಾಳಿದ ನಂತರ ಎನ್-400 ಅರ್ಜಿ, ಸಂದರ್ಶನ, ಇಂಗ್ಲಿಷ್ ಮತ್ತು ನಾಗರಿಕ ಜ್ಞಾನದ ಪರೀಕ್ಷೆ, ಪ್ರಮಾಣವಚನ. ಉಳಿದವರಿಗೆ 5 ವರ್ಷ. ಷರತ್ತಿನ ಕಾರ್ಡ್‌ನ 2 ವರ್ಷವೂ ಈ ಲೆಕ್ಕಕ್ಕೆ ಸೇರುತ್ತದೆ.

ನಂಬಿಕೆ: ಗ್ರೀನ್ ಕಾರ್ಡ್ ಬಂದರೆ ಭಾರತದ ಪೌರತ್ವ ಹೋಗುತ್ತದೆ.

ನಿಜ: ಹೋಗುವುದಿಲ್ಲ. ಭಾರತದ ಪಾಸ್‌ಪೋರ್ಟೇ ಮುಂದುವರಿಯುತ್ತದೆ, ಅವಧಿ ಮುಗಿದಾಗ ಅದನ್ನೇ ನವೀಕರಿಸಬೇಕು. ಭಾರತದ ಪೌರತ್ವ ಹೋಗುವುದು ಮುಂದೆ ಅಮೆರಿಕದ ಪೌರತ್ವ ಸ್ವೀಕರಿಸಿದಾಗ. ಆಗ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ ಕಾರ್ಡ್‌ಗೆ ಅರ್ಜಿ ಹಾಕುತ್ತಾರೆ. ಗ್ರೀನ್ ಕಾರ್ಡ್ ಇರುವಷ್ಟಕ್ಕೆ ಒಸಿಐ ಬೇಕಾಗಿಲ್ಲ, ಸಿಗುವುದೂ ಇಲ್ಲ. ಆದರೆ ಅನಿವಾಸಿಯಾದವರು ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ಬಹಳ ಜನ ಮರೆಯುವ ಕೆಲಸ ಇದು.

ನಂಬಿಕೆ: ವರ್ಷಕ್ಕೊಮ್ಮೆ ಹೋಗಿ ಬಂದರೆ ಸಾಕು, ಗ್ರೀನ್ ಕಾರ್ಡ್ ಉಳಿಯುತ್ತದೆ.

ನಿಜ: ಕಾರ್ಡ್ ಇರುವುದು ಅಲ್ಲಿ ನೆಲೆಸುವವರಿಗೆ. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಬರೀ ಕಾರ್ಡ್ ತೋರಿಸಿ ಒಳಗೆ ಹೋಗಲಾಗುವುದಿಲ್ಲ. 6 ತಿಂಗಳು ಮೀರಿದರೂ ನಿಲ್ದಾಣದಲ್ಲಿ ಪ್ರಶ್ನೆ ಎದುರಾಗಬಹುದು, ಪೌರತ್ವದ ಲೆಕ್ಕಕ್ಕೂ ಪೆಟ್ಟು ಬೀಳಬಹುದು. ಬಾಣಂತನಕ್ಕೋ ಹೆತ್ತವರ ಆರೈಕೆಗೋ ದೀರ್ಘ ಕಾಲ ಊರಿನಲ್ಲಿರಬೇಕಾದರೆ, ಹೊರಡುವ ಮುನ್ನ ಅಮೆರಿಕದಲ್ಲಿದ್ದುಕೊಂಡೇ ಮರುಪ್ರವೇಶ ಪರವಾನಗಿಗೆ ಅರ್ಜಿ ಹಾಕಬೇಕು. ಅದರ ಅವಧಿ ಗರಿಷ್ಠ 2 ವರ್ಷ.

ನಂಬಿಕೆ: ದುಡ್ಡು ಕೊಟ್ಟು ಹೆಸರಿಗೊಂದು ಮದುವೆ ಮಾಡಿಕೊಂಡರೆ ಸುಲಭ.

ನಿಜ: ವಲಸೆಗಾಗಿ ಮಾಡುವ ಸುಳ್ಳು ಮದುವೆ ಅಮೆರಿಕದಲ್ಲಿ ಅಪರಾಧ. 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ. ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿದೆ. ಸುಳ್ಳು ಮದುವೆ ಎಂದು ಒಮ್ಮೆ ದಾಖಲಾದರೆ ಮುಂದೆ ನಿಜವಾದ ಮದುವೆಯಾದರೂ, ಒಳ್ಳೆಯ ಕೆಲಸ ಸಿಕ್ಕರೂ ಅವರ ಪರವಾದ ಗ್ರೀನ್ ಕಾರ್ಡ್ ಅರ್ಜಿಗೆ ಅನುಮೋದನೆ ಸಿಗುವುದಿಲ್ಲ.

ಕಾಯುವ ದಿನಗಳಲ್ಲಿ ಏನು ಮಾಡಬೇಕು, ಏನು ಮಾಡಬಾರದು

• ರಸೀದಿ ಸಂಖ್ಯೆ ಇಟ್ಟುಕೊಂಡು ಇಲಾಖೆಯ ಅಧಿಕೃತ ತಾಣದಲ್ಲೇ ಸ್ಥಿತಿ ನೋಡಿ. ಅದು 3 ಅಕ್ಷರ, 10 ಅಂಕಿಯ ಸಂಖ್ಯೆ. ಅದರ ಚಿತ್ರವನ್ನು ಗ್ರೂಪಿಗೆ ಹಾಕಬೇಡಿ.

• ಮನೆ ಬದಲಿಸಿದರೆ 10 ದಿನದೊಳಗೆ ಹೊಸ ವಿಳಾಸ ತಿಳಿಸಬೇಕು. ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರೂ ಇರಲಿ. ಗಂಡನ ಹೆಸರು ಮಾತ್ರ ಇದ್ದರೆ ಹೆಂಡತಿಯ ಕಾರ್ಡ್ ವಾಪಸ್ ಹೋಗಬಹುದು.

• ಐ-485 ತೀರ್ಮಾನವಾಗುವ ಮುಂಚೆ ಮುಂಗಡ ಪ್ರಯಾಣ ಅನುಮತಿ ಇಲ್ಲದೆ ದೇಶ ಬಿಟ್ಟರೆ ಅರ್ಜಿ ಕೈಬಿಟ್ಟಂತೆ. ಮಾನ್ಯ ಎಚ್-1ಬಿ, ಎಚ್-4, ಎಲ್-1, ಎಲ್-2 ಸ್ಥಾನದವರಿಗೆ ಇದರಿಂದ ವಿನಾಯಿತಿ ಇದೆ. ತಮ್ಮನ ಮದುವೆಗೆ ಟಿಕೆಟ್ ಮಾಡುವ ಮೊದಲು ಇದನ್ನು ಖಚಿತಪಡಿಸಿಕೊಳ್ಳಿ.

• "ನಿಮ್ಮ ಕಾರ್ಡ್ ತಡೆಹಿಡಿಯಲಾಗಿದೆ, ಇಷ್ಟು ಡಾಲರ್ ಕಳಿಸಿ" ಎಂದು ಕರೆ ಬಂದರೆ ಅದು ಮೋಸ. ಇಲಾಖೆ ಗಿಫ್ಟ್ ಕಾರ್ಡ್, ವೆಸ್ಟರ್ನ್ ಯೂನಿಯನ್, ಪೇಪಾಲ್ ಮೂಲಕ ಹಣ ಪಡೆಯುವುದೇ ಇಲ್ಲ. ಅಮೆರಿಕ ಸರ್ಕಾರದ ಅಧಿಕೃತ ತಾಣ, ಮಿಂಚಂಚೆಗಳ ಕೊನೆಯಲ್ಲಿ ಡಾಟ್ ಗವ್ ಇರುತ್ತದೆ. ಒಳಗಿನವರ ಪರಿಚಯವಿದೆ, ಬೇಗ ಮಾಡಿಸುತ್ತೇನೆ ಎನ್ನುವ ಏಜೆಂಟರನ್ನೂ ನಂಬಬೇಡಿ.

ಕಾರ್ಡ್ ಕೈಗೆ ಬಂದ ದಿನ

ಪೂಜೆಗೆ ಇಡುವ ಮೊದಲು ಒಮ್ಮೆ ಓದಿ ನೋಡಿ. ಹೆಸರು, ಹುಟ್ಟಿದ ದಿನಾಂಕ, ಯಾವ ದಿನದಿಂದ ನಿವಾಸಿ, ಯಾವಾಗ ಮುಗಿಯುತ್ತದೆ, ಯಾವ ವರ್ಗ, ಇಷ್ಟನ್ನೂ ಪರಿಶೀಲಿಸಿ. ನಮ್ಮ ಕಡೆ ಇನಿಷಿಯಲ್, ತಂದೆಯ ಹೆಸರು, ಊರಿನ ಹೆಸರು ಸೇರಿ ಹೆಸರುಗಳು ಅದಲು ಬದಲಾಗುವುದು ಮಾಮೂಲು. ತಪ್ಪು ಇಲಾಖೆಯದಾದರೆ ಶುಲ್ಕವಿಲ್ಲದೆ ಸರಿಪಡಿಸಿ ಕೊಡುತ್ತಾರೆ. ವರ್ಗದ ಜಾಗದಲ್ಲಿ ಸಿಆರ್ ಎಂದು ಶುರುವಾದರೆ ಷರತ್ತಿನ ಕಾರ್ಡ್, ಐಆರ್ ಎಂದಿದ್ದರೆ 10 ವರ್ಷದ್ದು. ಮದುವೆಯಾಗಿ 2 ವರ್ಷ ತುಂಬಿದ್ದರೂ ಸಿಆರ್ ಎಂದು ಬಂದಿದ್ದರೆ ಅದೂ ತಪ್ಪೇ, ಸರಿಪಡಿಸಿಕೊಳ್ಳಬೇಕು.

18 ತುಂಬಿದವರು ಕಾರ್ಡನ್ನು ಸದಾ ಜೊತೆಗಿಟ್ಟುಕೊಳ್ಳಬೇಕು ಎಂದು ಕಾನೂನಿದೆ. ಎರಡೂ ಬದಿಯ ಚಿತ್ರ ತೆಗೆದು ಭದ್ರವಾಗಿಡಿ. ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಇಲ್ಲದಿದ್ದರೆ ಮಾಡಿಸಿ. ಹಳೆಯದರಲ್ಲಿ ಉದ್ಯೋಗ ನಿರ್ಬಂಧದ ಬರಹ ಇದ್ದರೆ ಬದಲಿಸಿಕೊಳ್ಳಿ. 18ರಿಂದ 25 ವಯಸ್ಸಿನ ಗಂಡಸರು ಅಲ್ಲಿನ ಸೆಲೆಕ್ಟಿವ್ ಸರ್ವಿಸ್‌ನಲ್ಲಿ ನೋಂದಾಯಿಸಬೇಕು. ಇನ್ನು ಮುಂದೆ ಅಮೆರಿಕದ ತೆರಿಗೆ ಲೆಕ್ಕದಲ್ಲಿ ಊರಿನ ಬಾಡಿಗೆ, ಬ್ಯಾಂಕ್ ಬಡ್ಡಿಯನ್ನೂ ತೋರಿಸಬೇಕು.

ಸಂಗಾತಿಗಾಗಿ ಐ-864 ಎಂಬ ಪೋಷಣೆಯ ಮುಚ್ಚಳಿಕೆಗೆ ಸಹಿ ಹಾಕಿದವರಿಗೂ ಒಂದು ಮಾತು. ಆ ಹೊಣೆ ವಿಚ್ಛೇದನದಿಂದ ಮುಗಿಯುವುದಿಲ್ಲ. ಸಂಗಾತಿ ಅಮೆರಿಕದ ಪ್ರಜೆಯಾಗುವವರೆಗೆ ಅಥವಾ ಸುಮಾರು 10 ವರ್ಷದ ದುಡಿಮೆ ಲೆಕ್ಕಕ್ಕೆ ಸೇರುವವರೆಗೆ ಅದು ಇರುತ್ತದೆ. ಅದಕ್ಕೆ ಮುಂಚೆ ಮುಗಿಯುವುದು ಸಂಗಾತಿ ಕಾಯಂ ನಿವಾಸ ಬಿಟ್ಟು ದೇಶ ತೊರೆದರೆ ಅಥವಾ ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ.

ಕೊನೆಯದಾಗಿ

ವಲಸೆಯ ನಿಯಮ, ಶುಲ್ಕ, ಕಾಲಾವಧಿ ಆಗಾಗ ಬದಲಾಗುತ್ತವೆ. ಎರಡು ವರ್ಷದ ಹಿಂದಿನ ಫಾರ್ವರ್ಡ್ ಇವತ್ತಿಗೆ ಸುಳ್ಳಾಗಿರಬಹುದು. ಆದ್ದರಿಂದ ಹೆಜ್ಜೆ ಇಡುವ ಮುನ್ನ ಯುಎಸ್‌ಸಿಐಎಸ್ ಅಥವಾ ಕಾನ್ಸುಲೇಟ್‌ನ ತಾಣದಲ್ಲಿ ಒಮ್ಮೆ ನೋಡಿ. ಕಡತದಲ್ಲಿ ತೊಡಕಿದ್ದರೆ ವಕೀಲರನ್ನು ಕೇಳಿ.

ಗ್ರೂಪಿನಲ್ಲಿ ಯಾರಾದರೂ "ಕಾರ್ಡ್ ಇನ್ನೂ ಬಂದಿಲ್ವಾ?" ಎಂದು ಕೇಳಿದರೆ ಗಾಬರಿಯಾಗಬೇಡಿ. ಸಂದರ್ಶನ ಮುಗಿದದ್ದು ಒಂದು ಹೆಜ್ಜೆ ಮಾತ್ರ. ಮುಂದಿನ ಹೆಜ್ಜೆಗಳು ಪತ್ರದಲ್ಲಿ ಬರುತ್ತವೆ, ಫಾರ್ವರ್ಡ್‌ನಲ್ಲಿ ಬರುವುದಿಲ್ಲ.